ಬಿಳುಪಿನಲ್ಲಿ ಸಿಕ್ಕುವ ಸುಳಿವು

ಮನೆಯ ಹಿರಿಯರೊಬ್ಬರಿಗೆ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗಿ, ಒಂದು ಕೈ ಸೋತುಬಿದ್ದಿತೆಂದರೆ, ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮೊದಲು ತೆಗೆಯುವುದು ತಲೆಯ ಸಿ.ಟಿ. ಚಿತ್ರವನ್ನು. ರಕ್ತನಾಳಗಳನ್ನು ಎತ್ತಿ ತೋರುವ ಅಯೊಡಿನ್ ದ್ರವವನ್ನು ಆಗ ಚುಚ್ಚುವುದಿಲ್ಲ. ಹಾಗಿದ್ದರೆ ನಾಳಗಳ ದೋಷ ತಿಳಿಯುವುದೆಂತು ಎಂಬ ಸಂದೇಹ ಮನೆಯವರಿಗೆ ಬರುವುದು ಸಹಜವೇ.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ಈ ಯಂತ್ರದಿಂದ ಪರೀಕ್ಷಿಸಲಾಯಿತು. ಅದನ್ನು ನಿರ್ಮಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರನ್ನೇ ಅದರ ಅಳತೆಗೂ ಇಟ್ಟಿದ್ದಾರೆ. ಈ ಅಳತೆಯಲ್ಲಿ ನೀರಿಗೆ 0. ಹರಿಯುವ ರಕ್ತಕ್ಕೆ ಸುಮಾರು 40. ರಕ್ತ ಹೆಪ್ಪುಗಟ್ಟಿದಾಗ ಕೆಂಪುಕಣಗಳು ಒತ್ತೊತ್ತಾಗಿ, ಅಂಕವು 60ರಿಂದ 80ರವರೆಗೆ ಏರುವುದು. ಅಂಕ ಏರಿದಷ್ಟೂ ಚಿತ್ರದಲ್ಲಿ ಬಿಳುಪು ಹೆಚ್ಚು. ತಜ್ಞರು ಅರಸುವುದು ಈ ಬಿಳುಪನ್ನೇ.

ಮಿದುಳಿನ ಮಧ್ಯ ಅಪಧಮನಿಯು ಒಂದು ಪಕ್ಕದಲ್ಲಿ ಮಾತ್ರ ಬಿಳಿಯ ದಾರದಂತೆ ಕಂಡರೆ ಅಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು. ಮಿದುಳಿನ ಬುಡದಲ್ಲಿ ಕಪ್ಪಾಗಿ ತೋರಬೇಕಾದ ದ್ರವದ ಎಡೆಗಳು ಬೆಳ್ಳಗಿದ್ದರೆ, ಉಬ್ಬಿದ ನಾಳವೊಡೆದು ರಕ್ತ ಸೋರಿರಬಹುದು. ತೀವ್ರ ತಲೆನೋವಿನಿಂದ ನರಳುವ ಬಾಣಂತಿಯಲ್ಲಿ ಮಿದುಳಿನಿಂದ ರಕ್ತವನ್ನು ಹಿಂದಿರುಗಿಸುವ ಕಾಲುವೆ ಬಿಳುಪೇರಿದ್ದರೆ ಅಲ್ಲಿಯೂ ಹೆಪ್ಪಿನ ಶಂಕೆ. ಆದರೆ ರಕ್ತದಲ್ಲಿ ಕೆಂಪುಕಣಗಳು ಮಿತಿಮೀರಿದವರ ನಾಳಗಳೆಲ್ಲವೂ ಬೆಳ್ಳಗೆ ಕಾಣುವುದುಂಟು; ಆದುದರಿಂದ ಎರಡು ಪಕ್ಕಗಳನ್ನೂ ಹೋಲಿಸಿ ನೋಡಬೇಕು. ಇನ್ನು ಹೊಟ್ಟೆಯ ಚಿತ್ರದಲ್ಲಿ, ಮಹಾಪಧಮನಿಯ ಅಗಲ 3 ಸೆಂಟಿಮೀಟರಿಗೆ ಮುಟ್ಟಿದ್ದರೆ ಅದು ಉಬ್ಬಿದೆಯೆಂದು ಅರ್ಥ. ಗೋಡೆಯಲ್ಲಿ ಕೂತ ಸುಣ್ಣವು ಒಳಕ್ಕೆ ಸರಿದಿದ್ದರೆ ಗೋಡೆಯೇ ಸೀಳಿರುವ ಸಂಭವವುಂಟು.

ಇಷ್ಟಾದರೂ ಒಂದು ಎಚ್ಚರಿಕೆ ಅವಶ್ಯ. ಹೆಪ್ಪಿನಿಂದಾದ ಪಾರ್ಶ್ವವಾಯುವಿನಲ್ಲಿ ಮೊದಲ ಕೆಲವು ಗಂಟೆಗಳ ಚಿತ್ರವು ನಿರ್ದೋಷವಾಗಿಯೇ ಕಂಡೀತು. "ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ" ಎಂದು ರೋಗಿಯನ್ನು ಮನೆಗೆ ಕರೆದೊಯ್ಯುವ ಆತುರ ಸಲ್ಲದು. ರಕ್ತಸ್ರಾವವಿಲ್ಲವೆಂದು ಆ ಚಿತ್ರವು ತಿಳಿಸಿದರೆ ಅದೇ ದೊಡ್ಡ ಉಪಕಾರ. ಏಕೆಂದರೆ ಹೆಪ್ಪನ್ನು ಕರಗಿಸುವ ಔಷಧವನ್ನು ರಕ್ತಸ್ರಾವವಾದವರಿಗೆ ಕೊಡುವಂತಿಲ್ಲ. ಆ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ನಾಳಗಳನ್ನು ಇನ್ನೂ ಸ್ಪಷ್ಟವಾಗಿ ನೋಡಬೇಕಾದರೆ ವೈದ್ಯರು ಅಯೊಡಿನ್ ಚುಚ್ಚಿ ಮತ್ತೊಂದು ಚಿತ್ರ ತೆಗೆಸುವರು.

ಮನೆಯವರು ಮಾಡಬಹುದಾದ ಉಪಕಾರವೂ ಉಂಟು. ರೋಗಿಯು ಕೊನೆಯ ಬಾರಿಗೆ ಸ್ವಸ್ಥವಾಗಿದ್ದುದು ಎಷ್ಟು ಗಂಟೆಗೆ, ರಕ್ತವನ್ನು ತೆಳುಮಾಡುವ ಮಾತ್ರೆ ಸೇವಿಸುತ್ತಿರುವರೇ, ಮೂತ್ರಪಿಂಡದ ಕಾಯಿಲೆ ಉಂಟೇ ಎಂಬಿಷ್ಟನ್ನು ತಪ್ಪದೆ ವೈದ್ಯರಿಗೆ ತಿಳಿಸಿರಿ. ಯಂತ್ರವು ಎಷ್ಟೇ ನಿಪುಣವಾಗಿರಲಿ, ಈ ಸಂಗತಿಗಳನ್ನು ಅದು ಹೇಳಲಾರದು.