ಕೆರೆಯಂಗಳದಲ್ಲಿ ಗಾಲ್ಫ್ ಹುಲ್ಲು

ಗಾಲ್ಫ್ ಆಟಕ್ಕೂ ಹಾನಗಲ್ಲಿನ ರೈತನಿಗೂ ಏನು ಸಂಬಂಧವೆಂದು ಕೇಳುವವರು ಬೆಂಗಳೂರಿನ ಚಲ್ಲಘಟ್ಟ ಕೆರೆಯ ಚರಿತ್ರೆಯನ್ನು ಅರಿಯಬೇಕು. ವಸಾಹತು ಆಡಳಿತದ ಕಾಲದಲ್ಲಿ, 1876ರಲ್ಲಿ, ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿತು. ಸ್ವಾತಂತ್ರ್ಯಾನಂತರ ಆಳುವವರು ಬದಲಾದರು, ಅಭಿರುಚಿ ಬದಲಾಗಲಿಲ್ಲ. ನೀರು ನಿಲ್ಲಬೇಕಿದ್ದ ಚಲ್ಲಘಟ್ಟದ ಕೆರೆಯಂಗಳವು ಕರ್ನಾಟಕ ಗಾಲ್ಫ್ ಸಂಸ್ಥೆಯ 18 ಕುಳಿಗಳ ಚಾಂಪಿಯನ್‌ಶಿಪ್ ಮೈದಾನವಾಯಿತು.

ಅದು ಉದ್ಯಾನದಂತೆ ಹಸಿರಾಗಿದೆಯಲ್ಲವೇ ಎಂಬುದು ಸಮರ್ಥಕರ ವಾದ. ಹಸಿರಾದದ್ದೆಲ್ಲ ಪರಿಸರವಲ್ಲ. ಉಷ್ಣ ಪ್ರದೇಶದ ಗಾಲ್ಫ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಗರಿಕೆಯ ಕುಲದ್ದೇ. ರೈತ ಕಳೆಯೆಂದು ಕಿತ್ತೆಸೆಯುವ ಗರಿಕೆಯ ಈ ನೆಂಟನಿಗೆ ಅಲ್ಲಿ ಗೊಬ್ಬರ, ಶಿಲೀಂಧ್ರನಾಶಕ, ನೀರಾವರಿಗಳ ರಾಜೋಪಚಾರ. ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದ ಹುಲ್ಲಿನ ಬೇರು ಆಳಕ್ಕಿಳಿಯದು. ರೋಗಕ್ಕೆ ಅದು ಸುಲಭ ತುತ್ತು. ಶುದ್ಧೀಕರಿಸಿದ ಕೊಳಚೆ ನೀರನ್ನೇ ಉಣಿಸಿದರೂ ಕೆರೆಯ ಕೆಲಸವನ್ನು ಹುಲ್ಲು ಮಾಡಲಾರದು. ಮಳೆನೀರನ್ನು ತಡೆಯುವುದು, ಹೂಳನ್ನು ಹಿಡಿಯುವುದು, ಅಂತರ್ಜಲವನ್ನು ಪೋಷಿಸುವುದು ಕೆರೆಯ ಧರ್ಮ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೆರೆಗಳ ಸರಪಳಿ ಕೊಂಡಿ ಕೊಂಡಿಯಾಗಿ ಕಳಚಿತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಸುತ್ತಲಿನ ಬಡಾವಣೆಗಳ ಜನ ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರಬರಬೇಕಾದ ಸ್ಥಿತಿಗೆ ಇದೂ ಒಂದು ಕಾರಣ.

ಇದು ಒಂದು ನಗರದ ವ್ಯಾಜ್ಯವಲ್ಲ. 1993ರ ಏಪ್ರಿಲ್ 29ರಂದು ಏಷ್ಯಾದ ಸಂಘಟನೆಗಳು ಜಾಗತಿಕ ಗಾಲ್ಫ್ ವಿರೋಧಿ ಚಳವಳಿಗೆ ಚಾಲನೆಯಿತ್ತವು. ಅದಕ್ಕೂ ಮುನ್ನವೇ, 1987ರ ನವೆಂಬರ್ 14ರಂದು, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ಗೋಮಾಳದಲ್ಲಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟು, ಸಾಮೂಹಿಕ ಭೂಮಿಯ ಒಡೆಯರಾರೆಂದು ಸರ್ಕಾರಕ್ಕೆ ಕೇಳಿದ್ದರು. ಕಾರ್ಖಾನೆಗೆ ನೀಲಗಿರಿ, ಕ್ಲಬ್ಬಿಗೆ ಹುಲ್ಲು: ಬೆಳೆ ಬೇರೆ, ಕಬಳಿಕೆಯ ಕ್ರಮ ಒಂದೇ.

ಗಾಲ್ಫ್ ಮೈದಾನಗಳ ಮರುವಿನ್ಯಾಸವೆಂದರೆ ಹೊಸ ಮರಳುಗುಂಡಿ, ಹೊಸ ಹುಲ್ಲು ಎಂದಷ್ಟೇ ಅರ್ಥವಾಗಬಾರದು. ಕೆರೆಯಂಗಳದಲ್ಲಿರುವ ಮೈದಾನವು ಮೊದಲು ಕೆರೆಯ ನೀರು ಹಿಡಿಯುವ ಸಾಮರ್ಥ್ಯವನ್ನು ಮರಳಿಸಲಿ; ಉಳಿದ ಜಾಗದಲ್ಲಿ ಆಟವಾಡಲಿ. ಗೋಮಾಳ, ಕೆರೆಗಳಂಥ ಗ್ರಾಮದ ಸಾಮೂಹಿಕ ಆಸ್ತಿಯ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಪ್ರತಿಷ್ಠಿತರ ಆಟಕ್ಕೆ ಈ ನ್ಯಾಯದಿಂದ ವಿನಾಯಿತಿ ಏಕೆ?

ಹಾನಗಲ್ಲಿನ ಆನೆಕೆರೆ, ಸವಣೂರಿನ ಮೋತಿ ತಲಾಬ, ಮಾಸೂರಿನ ಮದಗದ ಕೆರೆ, ಶಿಗ್ಗಾಂವಿಯ ಹಳ್ಳಿಗೆರೆಗಳು, ಹೆಸರಿನಲ್ಲೇ ಹಿರಿಯ ಕೆರೆಯನ್ನು ಹೊತ್ತ ಹಿರೇಕೆರೂರು — ಇವುಗಳ ಬಳಿಗೂ ‘ಸುಂದರೀಕರಣ’ವೆಂಬ ಮಾತು ಬಂದೀತು. ಆ ದಿನ ವಿದ್ಯಾರ್ಥಿಗಳು ಸರ್ವೆ ನಕ್ಷೆಯೊಡನೆ, ರೈತರು ಕೆರೆಯ ನೆನಪಿನೊಡನೆ ಗ್ರಾಮಸಭೆಯಲ್ಲಿ ಹಾಜರಿರಬೇಕು. ಹೂಳೆತ್ತುವ ಯೋಜನೆಗೆ ಸಹಿ ಹಾಕಲಿ; ಹುಲ್ಲು ಹಾಸುವ ಯೋಜನೆಗೆ ಬೇಡ.