ಲಾಭ ಬಂತು ಅಂತೀರ, ದುಡ್ಡು ಬಂತಾ?

1/6
ಫಲಿತಾಂಶದ ಸೀಸನ್ ಶುರುವಾದ್ರೆ ಸಾಕು, ಫೀಡ್ ತುಂಬಾ ಹಸಿರು ಬಾಣಗಳು. ಸೇಲ್ಸ್ 40% ಏರಿಕೆ, ಲಾಭ 65% ಏರಿಕೆ, ಈ ಷೇರು ಕೈಬಿಡಬೇಡಿ! ಹತ್ತು ನಿಮಿಷದಲ್ಲಿ ಅದೇ ಸ್ಕ್ರೀನ್‌ಶಾಟ್ ನಮ್ಮ ಕ್ಲಾಸ್ ಗ್ರೂಪಿಗೂ ಬಂದು ಬೀಳುತ್ತೆ. ಕೆಳಗೆ ಬೆಂಕಿ ಎಮೋಜಿ, "ತಗೊಳ್ಳೋಣ್ವಾ ಗುರು?"

ನೇರವಾಗಿ ಹೇಳ್ತೀನಿ. ಗಿರಾಕಿಗಳಿಂದ ಬರಬೇಕಾದ ಬಾಕಿ ಎಷ್ಟು ಏರಿದೆ ಅಂತ ನೋಡದೆ ಲಾಭದ ಪೋಸ್ಟ್ ಹಾಕೋದು ತಪ್ಪು ಸುದ್ದಿ ಹಬ್ಬಿಸಿದ ಹಾಗೆ. ಅರ್ಧ ಸುದ್ದಿ ಅಂತ ಮರ್ಯಾದೆ ಕೊಟ್ಟು ಕರೆಯೋಕೂ ನಾನು ತಯಾರಿಲ್ಲ.

ಇನ್ನೊಂದು ತಮಾಷೆ ನೋಡಿ. ಜೂನ್ ಮತ್ತು ಡಿಸೆಂಬರ್ ತ್ರೈಮಾಸಿಕದ ಫಲಿತಾಂಶದ ಜೊತೆ ಲಿಸ್ಟೆಡ್ ಕಂಪನಿ ಬ್ಯಾಲೆನ್ಸ್ ಶೀಟ್ ಕೊಡಲೇಬೇಕು ಅಂತ ಸೆಬಿ ನಿಯಮದಲ್ಲಿ ಇಲ್ಲ. ಆಸ್ತಿ-ಹೊಣೆ ಪಟ್ಟಿ, ಕ್ಯಾಶ್ ಫ್ಲೋ ಪಟ್ಟಿ ಎರಡೂ ಆರು ತಿಂಗಳಿಗೊಮ್ಮೆ. ಅಂದ್ರೆ ಜುಲೈ, ಆಗಸ್ಟಲ್ಲಿ "ಅದ್ಭುತ ಕ್ವಾರ್ಟರ್" ಅಂತ ರೀಲ್ ಮಾಡೋ ಅಣ್ಣಂದಿರಲ್ಲಿ ಹೆಚ್ಚಿನವರ ಮುಂದೆ ಬಾಕಿಯ ಅಂಕಿಯೇ ಇರಲ್ಲ. ಆದ್ರೂ ದನಿಯಲ್ಲಿ ಎಷ್ಟು ಧೈರ್ಯ!

2/6
ಕಿರಾಣಿ ಅಂಗಡಿ ಲೆಕ್ಕದಲ್ಲಿ ಇದನ್ನ ಉದ್ರಿ ಅಂತೀವಿ. ಸಾಮಾನು ಹೋಯ್ತು, ಹೆಸರು ಪುಸ್ತಕಕ್ಕೆ ಹತ್ತಿತು, ದುಡ್ಡು ಇನ್ನೂ ಬಂದಿಲ್ಲ. ಕಂಪನಿಗಳ ಭಾಷೆಯಲ್ಲಿ ಅದೇ ಟ್ರೇಡ್ ರಿಸೀವಬಲ್ಸ್. ಉದ್ರಿ ಕೊಟ್ಟ ದಿನವೇ ಪೂರ್ತಿ ಮಾರಾಟ ಅಂತ ಬರ್ಕೊಳ್ಳೋಕೆ ಅಕೌಂಟಿಂಗ್ ಒಪ್ಪುತ್ತೆ. ಅದ್ರಲ್ಲಿ ಮೋಸ ಏನಿಲ್ಲ, ನಿಯಮವೇ ಹಾಗೆ. ಮೋಸ ಇರೋದು ಅಲ್ಲಿಗೇ ಓದು ನಿಲ್ಲಿಸೋದ್ರಲ್ಲಿ.

ಒಂದು ಕಲ್ಪನೆಯ ಕಂಪನಿ ತಗೊಳ್ಳಿ. ಹೋದ ವರ್ಷ ಮಾರಾಟ 80 ಕೋಟಿ, ವರ್ಷದ ಕೊನೆಗೆ ಬಾಕಿ 16 ಕೋಟಿ. ಈ ವರ್ಷ ಮಾರಾಟ 100 ಕೋಟಿ, ಬಾಕಿ 30 ಕೋಟಿ, ಲಾಭ 10 ಕೋಟಿ. ರೀಲಲ್ಲಿ ಬರೋದು "ಮಾರಾಟ 25% ಏರಿಕೆ". ಈಗ ನಾವು ಕೂಡಿ ಕಳೆಯೋಣ. ಹಳೇ ಬಾಕಿ 16, ಹೊಸ ಮಾರಾಟ 100, ಸೇರಿ 116. ಅದ್ರಲ್ಲಿ 30 ಇನ್ನೂ ಹೊರಗಿದೆ. ಕೈಗೆ ಬಂದಿದ್ದು 86. ಬಾಕಿ ಏರಿದ್ದು 14 ಕೋಟಿ, ಲಾಭ ಇರೋದು 10 ಕೋಟಿ. ಉಳಿದಿದ್ದೆಲ್ಲ ಹೋದ ವರ್ಷದ ಹಾಗೇ ಇದೆ ಅಂದ್ಕೊಂಡ್ರೂ ವ್ಯಾಪಾರದಿಂದ 4 ಕೋಟಿ ನಗದು ಹೊರಗೆ ಹೋಗಿದೆ. ಲಾಭ ಮಾಡಿದ ಕಂಪನಿ ಬ್ಯಾಂಕಿಗೆ ಹೋಗಿ ಸಾಲ ಕೇಳೋದು ಹೀಗೆ.

ದಿನಗಳಲ್ಲಿ ನೋಡಿದ್ರೆ ಇನ್ನೂ ಸ್ಪಷ್ಟ. ಬಾಕಿಯನ್ನ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ಹೋದ ವರ್ಷ 73 ದಿನ, ಈ ವರ್ಷ ಸುಮಾರು 110 ದಿನ. ಗಿರಾಕಿಗಳು ಒಂದು ತಿಂಗಳಿಗೂ ಹೆಚ್ಚು ತಡವಾಗಿ ಕೊಡ್ತಿದ್ದಾರೆ. (ಬಾಕಿಯಲ್ಲಿ ಜಿಎಸ್‌ಟಿ ಸೇರಿರುತ್ತೆ, ಮಾರಾಟದಲ್ಲಿ ಸೇರಿರಲ್ಲ, ಹಾಗಾಗಿ ದಿನ ಸ್ವಲ್ಪ ಜಾಸ್ತಿ ಕಾಣುತ್ತೆ. ಎರಡೂ ವರ್ಷ ಹಾಗೇ ಇರೋದ್ರಿಂದ ಹೋಲಿಕೆಗೆ ತೊಂದರೆ ಇಲ್ಲ.)

ಇದೇ ಡೆಟರ್ಸ್ ಟರ್ನೋವರ್ ರೇಶಿಯೋವನ್ನ ನಾವೆಲ್ಲ ಎಕ್ಸಾಮಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಹಾಲಿಂದ ಹೊರಗೆ ಬರ್ತಿದ್ದ ಹಾಗೆ ಬಾಗಿಲಲ್ಲೇ ಬಿಟ್ಟು ಬಂದಿದ್ದೀವಿ.

3/6
"ಇದೆಲ್ಲ ಕಳ್ಳ ಕಂಪನಿಗಳ ಕಥೆ, ಒಳ್ಳೇ ಕಂಪನಿಗೆ ಏನಾಗುತ್ತೆ" ಅನ್ನೋರಿಗೆ ನಮ್ಮ ಬೆಂಗಳೂರಿನ ಎಚ್‌ಎಎಲ್. ಜನವರಿ 2019. ಸಂಬಳ ಕೊಡೋಕೆ ಸುಮಾರು 1,000 ಕೋಟಿ ಸಾಲ ತಗೋಬೇಕಾಯ್ತು ಅಂತ ಪತ್ರಿಕೆಗಳಲ್ಲಿ ಬಂತು. ಆರ್ಡರ್ ಇರಲಿಲ್ವಾ? ಇತ್ತು. ಲಾಭ ಇರಲಿಲ್ವಾ? ಆ ಹಣಕಾಸು ವರ್ಷದ ನಿವ್ವಳ ಲಾಭ 2,000 ಕೋಟಿ ದಾಟಿತ್ತು. ವಿಮಾನ ಕೊಟ್ಟಾಗಿತ್ತು, ರಿಪೇರಿ ಮಾಡಿಕೊಟ್ಟಾಗಿತ್ತು, ದುಡ್ಡು ಬಂದಿರಲಿಲ್ಲ. 2018ರ ಡಿಸೆಂಬರ್ ಕೊನೆಗೆ ಬರಬೇಕಾದ ಬಾಕಿ 15,000 ಕೋಟಿಗೂ ಮೇಲೆ, ಅದರಲ್ಲಿ ಬಹುಪಾಲು ವಾಯುಪಡೆಯದ್ದು.

ನಗದು ಕರಗೋಕೆ ಅದೊಂದೇ ಕಾರಣ ಅಲ್ಲ. ಹಿಂದಿನ ವರ್ಷಗಳಲ್ಲಿ ಷೇರು ಬೈಬ್ಯಾಕ್, ಡಿವಿಡೆಂಡ್ ಅಂತ ಸರ್ಕಾರಕ್ಕೂ ದೊಡ್ಡ ಮೊತ್ತ ಹೋಗಿತ್ತು. ಆದ್ರೆ ಒಂದು ಗಮನಿಸಿ: ಇಲ್ಲಿ ಗಿರಾಕಿ ಭಾರತ ಸರ್ಕಾರ, ದುಡ್ಡು ಮುಳುಗೋ ಭಯ ಇಲ್ಲ. ಮುಂದೆ ಬಾಕಿ ಬಂತು, 2021ರ ಹೊತ್ತಿಗೆ ಸಾಲದ ಭಾರವೂ ಇಳೀತು. ಅಂಥ ಕಂಪನಿಯನ್ನೇ ತಡವಾದ ಹಣ ಬ್ಯಾಂಕಿನ ಬಾಗಿಲಿಗೆ ಕರ್ಕೊಂಡು ಹೋಯ್ತು. ಹಾಗಿದ್ರೆ ನಿಮ್ಮ ರೀಲಿನ ಸಣ್ಣ ಕಂಪನಿಯ ಗಿರಾಕಿ ಯಾರು? ಅದನ್ನ ಯಾರಾದ್ರೂ ಕೇಳಿದ್ದೀರಾ?

4/6
ಈ ಬಾಕಿ ಬರೀ ಷೇರುದಾರರ ತಲೆನೋವು ಅಂದ್ಕೋಬೇಡಿ. ಒಬ್ಬರ ಪುಸ್ತಕದಲ್ಲಿ ಬರಬೇಕಾದದ್ದು ಇನ್ನೊಬ್ಬರ ಪುಸ್ತಕದಲ್ಲಿ ಕೊಡಬೇಕಾದದ್ದು. ಪೀಣ್ಯದಲ್ಲಿ ನಾಲ್ಕು ಮಷಿನ್ ಹಾಕ್ಕೊಂಡು ಬಿಡಿಭಾಗ ಮಾಡಿಕೊಡೋರನ್ನ ನೆನೆಸ್ಕೊಳ್ಳಿ. ಬಿಲ್ ಹಾಕಿದ್ರೆ ಮುಂದಿನ ತಿಂಗಳ 20ರೊಳಗೆ ಅದರ ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಬೇಕು. ಬಿಲ್ಲಿನ ದುಡ್ಡು ಬಂದಿರ್ಲಿ, ಬಿಡ್ಲಿ. ಕೊಂಡ ದೊಡ್ಡ ಕಂಪನಿ ಅಷ್ಟರಲ್ಲಿ ಆ ತೆರಿಗೆಯ ಕ್ರೆಡಿಟ್ಟನ್ನೂ ತಗೊಂಡಿರುತ್ತೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕಾ?

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಅತಿಸಣ್ಣ, ಸಣ್ಣ ಘಟಕಗಳಿಗೆ ಒಪ್ಪಂದ ಇದ್ರೂ 45 ದಿನ ಮೀರೋ ಹಾಗಿಲ್ಲ. ಮೀರಿದ್ರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ರ ಹಣಕಾಸು ವರ್ಷದಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ರು: ಗಡುವಿನೊಳಗೆ ಕೊಡದಿದ್ರೆ ಆ ಖರ್ಚನ್ನ ನಿಜವಾಗಿ ಕೊಟ್ಟ ವರ್ಷವೇ ಕಳೆಯಬೇಕು. ಆದ್ರೆ ಬಡ್ಡಿ ಕೇಳಿದ ದಿನವೇ ಮುಂದಿನ ಆರ್ಡರ್ ಹೋಗುತ್ತೆ ಅನ್ನೋ ಭಯ ಇರೋವಾಗ ಯಾರು ಕೇಳ್ತಾರೆ?

ಹಾಗಾಗಿ ದೊಡ್ಡ ಕಂಪನಿಯ ಕ್ಯಾಶ್ ಫ್ಲೋ ತುಂಬಾ ಚೆನ್ನಾಗಿದೆ ಅಂತ ಮೆಚ್ಕೊಳ್ಳೋ ಮುಂಚೆ ಅವರ ಕೊಡಬೇಕಾದ ಬಾಕಿಯನ್ನೂ ನೋಡಿ. ಕೆಲವು ಸಲ ಆ ಚೆಂದ ಬಂದಿರೋದು ಪೀಣ್ಯದವರ ಜೇಬಿಂದ.

5/6
ಈಗ ಎದುರು ಗುಂಪಿನ ಜಾಣರು. "ಬಾಕಿ ಏರಿದ್ರೆ ಮಾರು, ಇಳಿದ್ರೆ ಕೊಳ್ಳು." ಇದೂ ಅಷ್ಟೇ ಸೋಮಾರಿತನ.

ಮಾರ್ಚಲ್ಲಿ ಮಾಲು ಜಾಸ್ತಿ ಹೋಗೋ ವ್ಯಾಪಾರದಲ್ಲಿ ಮಾರ್ಚ್ 31ರ ಬಾಕಿ ದಪ್ಪಗೇ ಇರುತ್ತೆ. ಇನ್ನೊಂದು ಕಂಪನಿಯನ್ನ ಕೊಂಡ್ರೆ ಅದರ ಬಾಕಿಯೂ ಬಂದು ಸೇರುತ್ತೆ. ಇಳಿಯೋದಕ್ಕೂ ನೂರು ದಾರಿ. ಬಿಲ್ಲುಗಳನ್ನ ಬ್ಯಾಂಕಿಗೆ ಮಾರಿ ಪುಸ್ತಕದಿಂದ ತೆಗೀಬಹುದು. ಬರಲ್ಲ ಅಂತ ರೈಟ್ ಆಫ್ ಮಾಡಬಹುದು. ಬಿಲ್ಲನ್ನೇ ಹಾಕದೆ ಅನ್‌ಬಿಲ್ಡ್ ರೆವೆನ್ಯೂ, ಕಾಂಟ್ರಾಕ್ಟ್ ಅಸೆಟ್ಸ್ ಅನ್ನೋ ಪಕ್ಕದ ಕೋಣೆಯಲ್ಲಿ ಕೂರಿಸಬಹುದು. ಬಾಕಿ ಇಳೀತು ಅಂತ ಚಪ್ಪಾಳೆ ಹೊಡೆಯೋ ಮುಂಚೆ ಆ ಕೋಣೆಯ ಬಾಗಿಲನ್ನೂ ತೆಗೆದು ನೋಡಿ.

ಇದರ ಕೊನೆಯ ಮಟ್ಟ ಹೈದರಾಬಾದಿನ ಸತ್ಯಂ. 2009ರ ಜನವರಿ 7ರಂದು ರಾಮಲಿಂಗರಾಜು ತಮ್ಮ ಬೋರ್ಡಿಗೆ ಬರೆದ ಪತ್ರದ ಅಂಕಿ ನೋಡಿ. ಪುಸ್ತಕದಲ್ಲಿದ್ದ ಬಾಕಿ 2,651 ಕೋಟಿ, ಅದರಲ್ಲಿ ಉಬ್ಬಿಸಿದ್ದು 490 ಕೋಟಿ. ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸ್ 5,361 ಕೋಟಿ, ಅದರಲ್ಲಿ ಉಬ್ಬಿಸಿದ್ದು 5,040 ಕೋಟಿ! ತನಿಖೆಯಲ್ಲಿ ಸಿಕ್ಕ ನಕಲಿ ಇನ್‌ವಾಯ್ಸ್‌ಗಳು 7,000ಕ್ಕೂ ಹೆಚ್ಚು. ಸುಳ್ಳು ಬಿಲ್ಲು ಬಾಕಿಯಾಗೇ ಉಳಿದ್ರೆ ಯಾರಾದ್ರೂ ಕೇಳ್ತಾರೆ. "ವಸೂಲಾಯ್ತು" ಅಂತ ಬರೆದು, ನಕಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ರೆ ಬಾಕಿಯ ದಿನಗಳು ಲಕ್ಷಣವಾಗಿ ಕಾಣ್ತವೆ. ಬಾಕಿಯೊಂದನ್ನೇ ನೋಡಿದವನಿಗೆ ಸತ್ಯಂ ಆರೋಗ್ಯವಾಗೇ ಕಾಣ್ತಿತ್ತು. ಮಾರಾಟ, ಬಾಕಿ, ನಗದು, ಆ ನಗದಿನ ಮೇಲೆ ಬಂದ ಬಡ್ಡಿ, ನಾಲ್ಕನ್ನೂ ಒಟ್ಟಿಗೆ ಕೂರಿಸಿ ಕೇಳಬೇಕು.

6/6
ಎಲ್ಲಿ ನೋಡೋದು ಅಂತ ಡಿಎಮ್ ಮಾಡೋರಿಗೆ 👇

ವಾರ್ಷಿಕ ವರದಿಯ ಕ್ಯಾಶ್ ಫ್ಲೋ ಪಟ್ಟಿ ತೆಗೀರಿ. ಮೇಲ್ಗಡೆ ಭಾಗದಲ್ಲೇ ಟ್ರೇಡ್ ರಿಸೀವಬಲ್ಸ್ ಬದಲಾವಣೆ ಅಂತ ಒಂದು ಸಾಲು ಇರುತ್ತೆ. ಅಂಕಿ ಬ್ರಾಕೆಟ್ ಒಳಗಿದ್ರೆ ಬಾಕಿ ಏರಿದೆ, ನಗದು ಕಮ್ಮಿಯಾಗಿದೆ ಅಂತ ಅರ್ಥ. ಎರಡು ಬ್ಯಾಲೆನ್ಸ್ ಶೀಟಿನ ವ್ಯತ್ಯಾಸಕ್ಕೆ ಅದು ಪೈಸಾ ಪೈಸಾ ತಾಳೆ ಆಗಲ್ಲ. ರೈಟ್ ಆಫ್, ಡಾಲರ್ ದರ, ಕೊಂಡ ಕಂಪನಿ ಎಲ್ಲ ಮಧ್ಯೆ ಬರುತ್ತೆ. ವ್ಯತ್ಯಾಸ ತೀರಾ ದೊಡ್ಡದಿದ್ರೆ ಯಾಕೆ ಅಂತ ಹುಡುಕಿ.

ಆಮೇಲೆ ನೋಟ್ಸ್. ಏಪ್ರಿಲ್ 2021ರಿಂದ ಬಾಕಿಯ ವಯಸ್ಸನ್ನ ಪಟ್ಟಿ ಹಾಕಿ ಕೊಡೋದು ಕಂಪನಿಗಳಿಗೆ ಕಡ್ಡಾಯ: ಆರು ತಿಂಗಳೊಳಗಿನದ್ದು, ಆರು ತಿಂಗಳಿಂದ ವರ್ಷ, 1-2 ವರ್ಷ, 2-3 ವರ್ಷ, ಮೂರು ವರ್ಷ ದಾಟಿದ್ದು. ತಕರಾರು ಇರೋದು, ಇಲ್ಲದ್ದು ಬೇರೆ ಬೇರೆ. ನನ್ನ ಪ್ರಕಾರ ಇಡೀ ವರದಿಯಲ್ಲಿ ಛೇರ್ಮನ್ ಸಂದೇಶಕ್ಕಿಂತ ಹೆಚ್ಚು ಮಾತಾಡೋ ಪುಟ ಇದು. ಮೂರು ವರ್ಷ ದಾಟಿದ ಬಾಕಿ ದೊಡ್ಡದಿದ್ದು, ಅದಕ್ಕೆ ಪ್ರಾವಿಷನ್ ಮಾತ್ರ ಚಿಟಿಕೆಯಷ್ಟಿದ್ರೆ, ಆ ಲಾಭದ ಒಂದು ಪಾಲು ಇನ್ನೂ ಬರೀ ಆಸೆ.

ಮುಂದಿನ ಸಲ ಹಸಿರು ಬಾಣದ ಪೋಸ್ಟ್ ಕಂಡ ತಕ್ಷಣ ಕಾಮೆಂಟಲ್ಲಿ ಮರ್ಯಾದೆಯಿಂದಲೇ ಕೇಳಿ: "ಬಾಸ್, ಬಾಕಿ ಎಷ್ಟು ಏರಿದೆ?" ಉತ್ತರ ಕೊಟ್ರೆ ಪೇಜನ್ನ ನನಗೂ ಟ್ಯಾಗ್ ಮಾಡಿ, ಫಾಲೋ ಮಾಡ್ತೀನಿ. ನಿಮ್ಮನ್ನೇ ಬ್ಲಾಕ್ ಮಾಡಿದ್ರೆ ಸ್ಕ್ರೀನ್‌ಶಾಟ್ ಕಳ್ಸಿ, ಭಾನುವಾರ ಸ್ಟೋರಿಯಲ್ಲಿ ಹಾಕೋಣ.