ಬಾಡಿಗೆಯ ಮಳೆ, ಬಾಡಿಗೆಯ ಮನೆ

ಮಲೆನಾಡಿನಲ್ಲಿ ಮಳೆಯನ್ನು ದುಡ್ಡಿಗೆ ಮಾರುವ ಕಾಲ ಬಂದಿದೆ. ಇದು ಅಲಂಕಾರದ ಮಾತಲ್ಲ. ಚಿಕ್ಕಮಗಳೂರಿನಿಂದ ವಸ್ತಾರೆ, ಆಲ್ದೂರುಗಳ ಕಡೆಗೆ, ಅತ್ತ ಮೂಡಿಗೆರೆಯ ದಾರಿಯಲ್ಲಿ, ಕಳಸದವರೆಗೂ ಕಾಫಿ ತೋಟಗಳ ನಡುವೆ ಎದ್ದಿರುವ ರೆಸಾರ್ಟುಗಳಲ್ಲಿ ಅನೇಕವು ತಮ್ಮ ಸೌಕರ್ಯಗಳ ಪಟ್ಟಿಯಲ್ಲಿ 'ರೈನ್ ಡ್ಯಾನ್ಸ್' ಎಂಬುದೊಂದನ್ನು ಸೇರಿಸಿವೆ. ಕೊಳವೆಗಳಿಗೆ ತೂತು ಕೊರೆದು ತಲೆಯ ಮೇಲೆ ಕಟ್ಟುವುದು. ಪಂಪಿನಿಂದ ನೀರು ಹಾಯಿಸುವುದು. ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಚ್ಚುವುದು. ಕೆಳಗೆ ಬೆಂಗಳೂರಿನಿಂದ ಬಂದ ಸಂಸಾರಗಳು ಕುಣಿಯುವುದು. ಮೂಡಿಗೆರೆ, ಕಳಸಗಳ ಸೀಮೆಯಲ್ಲಿ ವರ್ಷಕ್ಕೆ ನೂರು ಅಂಗುಲದ ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ಪುಷ್ಯ, ಆಶ್ಲೇಷಾ ಮಳೆಗಳು ಹಿಡಿದುವೆಂದರೆ ಒಗೆದ ಬಟ್ಟೆ ಒಲೆಯ ಮೇಲೆ ತೂಗಿದರೂ ಒಣಗಲೊಲ್ಲದು. ಅಂಥ ನಾಡಿಗೆ ಹೋಗಿ ಕೊಳವೆಯ ಮಳೆಯಲ್ಲಿ ನೆನೆದು ಬರುವವರನ್ನು ನೆನೆದರೆ, ಸಮುದ್ರಸ್ನಾನಕ್ಕೆಂದು ಗೋಕರ್ಣಕ್ಕೆ ಹೋಗಿ ಛತ್ರದ ನಲ್ಲಿಯಲ್ಲಿ ಮಿಂದು ಬಂದವನು ಬುದ್ಧಿವಂತನೆಂದೇ ಹೇಳಬೇಕು; ಅವನಿಗೆ ಖರ್ಚಾದರೂ ಕಡಿಮೆ.

ಈ ಮಳೆಯ ಪಕ್ಕದಲ್ಲಿಯೇ 'ಫ್ಯಾಮಿಲಿ ಕ್ಯಾಬಿನ್' ಎಂಬ ಮನೆ ನಿಂತಿರುತ್ತದೆ. ದೂರಕ್ಕೆ ಮರದ ಹಲಗೆ, ಹತ್ತಿರಕ್ಕೆ ಸಿಮೆಂಟಿನ ಹಲಗೆ. ಒಳಗೆ ತಂದೆತಾಯಿಗಳಿಗೊಂದು ಮಂಚ, ಮಕ್ಕಳಿಗೆ ಒಂದರ ಮೇಲೊಂದು ಅಟ್ಟದ ಮಂಚ, ಗೋಡೆಯ ಮೇಲೆ ಆಫ್ರಿಕದ ಜಿರಾಫೆ. ಹೊರಗೆ ನೀಲಿ ಬಳಿದ ಈಜುಕೊಳ, ಪ್ಲಾಸ್ಟಿಕ್ಕಿನ ಜಾರುಬಂಡೆ, ಮರದಿಂದ ಮರಕ್ಕೆ ಬಿಗಿದ ತಂತಿ. ಆ ತಂತಿಗೆ ಜೋತುಬಿದ್ದು ಮಕ್ಕಳು ಹಾರುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಹೊರಬಂದಾಗ ಹಾರುವ ಓತಿಯೊಂದನ್ನು ಹುಡುಕಿಕೊಂಡು ಕನ್ನಡದ ಓದುಗರೆಲ್ಲ ಮೂಡಿಗೆರೆಯ ಕಾಡು ಹೊಕ್ಕಿದ್ದರು. ಇಂದು ಅದೇ ಮೂಡಿಗೆರೆಯಲ್ಲಿ ಓತಿಯನ್ನು ಕೇಳುವವರಿಲ್ಲ. ಹಾರುವ ಕೆಲಸವನ್ನು ನಾವೇ ವಹಿಸಿಕೊಂಡಿದ್ದೇವೆ.

ಕುಟುಂಬದೊಡನೆ ನಾಲ್ಕು ದಿನ ಹಾಯಾಗಿರುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಬಿಡಾರದ ರಜೆಯ ಇತಿಹಾಸ ಗೌರವವುಳ್ಳದ್ದು. ಇಂಗ್ಲೆಂಡಿನ ಸ್ಕೆಗ್‌ನೆಸ್ ಎಂಬ ಕಡಲತೀರದಲ್ಲಿ ಬಿಲ್ಲಿ ಬಟ್ಲಿನ್ 1936ರಲ್ಲಿ ಸಾಲುಗುಡಿಸಲುಗಳ ಶಿಬಿರವನ್ನು ತೆರೆದಾಗ, ಸಾಮಾನ್ಯ ಸಂಬಳದ ಸಂಸಾರಕ್ಕೂ ಒಂದು ವಾರದ ರಜೆ ಎಟುಕಬೇಕೆಂಬುದು ಅದರ ಲೆಕ್ಕಾಚಾರವಾಗಿತ್ತು. ಸಂಬಳಸಹಿತ ರಜೆಯ ಕಾನೂನು ಆ ದೇಶದಲ್ಲಿ ಬಂದದ್ದು 1938ರಲ್ಲಿ. 1968ರಲ್ಲಿ ಹಾಲೆಂಡಿನ ಪೀಟ್ ಡೆರ್ಕ್‌ಸೆನ್ ಕಾಡಿನ ನಡುವೆ ಕುಟುಂಬದ ಬಿಡಾರಗಳನ್ನು ಕಟ್ಟಿದ. ಮುಂದೆ ಅದೇ ಸೆಂಟರ್ ಪಾರ್ಕ್ಸ್ ಎಂದು ಬೆಳೆಯಿತು. ಬಿಸಿಲಿಲ್ಲದ, ಬಹುಪಾಲು ಬೆಟ್ಟವಿಲ್ಲದ ದೇಶದವರು ಕೃತಕವಾದುದನ್ನು ಕಟ್ಟಿಕೊಂಡರೆ ಅದಕ್ಕೊಂದು ಅರ್ಥವಿದೆ. ನಮ್ಮ ಬಿಡದಿಯ ಬಯಲಿನಲ್ಲಿ 2005ರಲ್ಲಿ ವಂಡರ್‌ಲಾ ಬಂದುದಕ್ಕೂ ಅರ್ಥವುಂಟು. ಆದರೆ ಮುಳ್ಳಯ್ಯನಗಿರಿಯಂಥ 1,930 ಮೀಟರಿನ ಶಿಖರವನ್ನು ಬೆನ್ನಿಗಿಟ್ಟುಕೊಂಡ ನಾಡಿಗೆ ಬಿಡದಿಯನ್ನು ಹೊತ್ತೊಯ್ಯುವ ಅಗತ್ಯವೇನು?

ಇಷ್ಟೇ ಆಗಿದ್ದರೆ ಅಭಿರುಚಿಯ ಜಗಳವೆಂದು ಬಿಟ್ಟುಬಿಡಬಹುದಾಗಿತ್ತು. ನಮ್ಮ ಮುಖ್ಯ ತಕರಾರು ಬೇರೆ.

ಕಾಫಿ ತೋಟದಲ್ಲಿ 'ಫ್ಯಾಮಿಲಿ ಕ್ಯಾಬಿನ್' ಹೊಸತಲ್ಲ. ತೋಟ ಎಂದು ಹುಟ್ಟಿತೋ ಹೆಚ್ಚುಕಡಿಮೆ ಅಂದಿನಿಂದ ಅದು ಅಲ್ಲಿದೆ. ಅದರ ಹೆಸರು 'ಲೈನು'. ಉದ್ದಕ್ಕೆ ಒಂದೇ ಸೂರು, ಅಡ್ಡಗೋಡೆಗಳಿಂದ ಒಂದೆರಡು ಕೋಣೆಗಳ ಪಾಲು, ಪಾಲಿಗೊಂದು ಸಂಸಾರ. ಮರಗಸಿ ಮಾಡುವವರು, ಚಿಗುರು ತೆಗೆಯುವವರು, ನವೆಂಬರಿನಿಂದ ಫೆಬ್ರವರಿಯವರೆಗೆ ಹಣ್ಣು ಕುಯ್ಯುವವರು ಇಲ್ಲಿದ್ದಾರೆ. ಹಿಂದೆ ಘಟ್ಟದ ಕೆಳಗಿನವರೂ ತಮಿಳರೂ ಬಂದರು. ಈಗ ಅಸ್ಸಾಮಿನಿಂದ ಸಹ ಗಂಡ ಹೆಂಡತಿ ಮಕ್ಕಳು ಬಂದಿಳಿಯುತ್ತಾರೆ. ರೆಸಾರ್ಟಿನ ಅತಿಥಿ ಕುಡಿಯುವ ಕಾಫಿ ಇವರ ಬೆರಳುಗಳನ್ನು ದಾಟಿ ಬಂದುದು. ಆದರೆ ಅತಿಥಿಯ ಜೀಪು ಸುತ್ತುವ ದಾರಿಯಲ್ಲಿ ಲೈನು ಬರದಂತೆ ಎಚ್ಚರಿಕೆ ವಹಿಸಲಾಗಿರುತ್ತದೆ. ಬೇಲಿಯ ಈಚೆಗೆ ಬಿದಿರು ನೆಟ್ಟಿರುತ್ತಾರೆ. 'ಪ್ಲಾಂಟೇಷನ್ ವಾಕ್' ಎಂದು ಕರೆದೊಯ್ದು ಗಿಡ ತೋರಿಸುತ್ತಾರೆ, ಮೆಣಸಿನ ಬಳ್ಳಿ ತೋರಿಸುತ್ತಾರೆ, ಪಲ್ಪರ್ ತೋರಿಸುತ್ತಾರೆ, ಕಣ ತೋರಿಸುತ್ತಾರೆ. ಹಣ್ಣು ತಾನೇ ಉದುರಿ, ತಾನೇ ನಡೆದು, ಕಣದಲ್ಲಿ ತಾನೇ ಮೈಕಾಯಿಸಿಕೊಳ್ಳುತ್ತಿದೆಯೆಂದು ಮಗು ತಿಳಿದರೆ ಮಗುವಿನ ತಪ್ಪಲ್ಲ.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಈ ಸಂಸಾರಗಳಿಗೆ ಮನೆ, ಕುಡಿಯುವ ನೀರು, ಶೌಚಗೃಹ, ವೈದ್ಯಸೌಕರ್ಯಗಳನ್ನು ತೋಟದ ಯಜಮಾನನೇ ಒದಗಿಸಬೇಕೆಂದು ವಿಧಿಸಿತ್ತು. ಐವತ್ತು ಮಂದಿ ಹೆಂಗಸರು ದುಡಿಯುವ ಕಡೆ ಅವರ ಕೂಸುಗಳಿಗೆ ಶಿಶುವಿಹಾರ ಬೇಕೆಂದಿತ್ತು. ಆ ಕಾಯಿದೆ ಈಗ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಸೇರಿಹೋಗಿ, ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹೆಸರು ಬದಲಾದರೂ ಮನೆಯ ಹೊಣೆ ತೋಟದ ಮೇಲೆಯೇ ಇದೆ. ನಾಲ್ಕಾರು ಎಕರೆಯ ಸಣ್ಣ ಬೆಳೆಗಾರನಿಗೆ ಈ ಹೊರೆ ತಟ್ಟುವುದಿಲ್ಲ, ತಟ್ಟಲೂ ಕೂಡದು. ಆದರೆ ಈಜುಕೊಳ ತೋಡಿಸಬಲ್ಲವನು ಸಣ್ಣ ಬೆಳೆಗಾರನಲ್ಲ. ಚೆನ್ನಾಗಿ ಲೈನು ಕಟ್ಟಿಸಿ, ಬಚ್ಚಲು ಕಟ್ಟಿಸಿ, ಆಳುಗಳ ಮಕ್ಕಳನ್ನು ಶಾಲೆಗೆ ತಲುಪಿಸುವ ಯಜಮಾನರೂ ಇದ್ದಾರೆ. ಅವರಿಗೆ ಈ ಮಾತು ನೋಯಬೇಕಾದುದಿಲ್ಲ. ನಮ್ಮ ಪ್ರಶ್ನೆ ಉಳಿದವರಿಗೆ. ಸೋಮವಾರ ಖಾಲಿಯಾಗುವ ಕ್ಯಾಬಿನ್ನಿಗೆ ಇಪ್ಪತ್ತನಾಲ್ಕು ಗಂಟೆ ಬಿಸಿನೀರು ಹರಿಸುವ ತೋಟ, ವರ್ಷವಿಡೀ ತುಂಬಿರುವ ಲೈನಿಗೆ ಸೋರದ ಸೂರು ಹಾಕಿಸಲಾರದೆಂದರೆ, ಆ ಬೋರ್ಡಿನಲ್ಲಿ ಬರೆದಿರುವ 'ಫ್ಯಾಮಿಲಿ' ಯಾರದು?

"ಸ್ವಾಮಿ, ಕಾಫಿ ನಂಬಿ ಬದುಕುವ ಕಾಲ ಹೋಯಿತು, ಅತಿಥಿಗಳೇ ನಮಗೆ ದಿಕ್ಕು" ಎಂದು ಬೆಳೆಗಾರರು ಹೇಳುವುದುಂಟು. ಇದರಲ್ಲಿ ಸುಳ್ಳಿಲ್ಲದ ಭಾಗವೊಂದಿದೆ. 2001-02ರ ಸುಮಾರಿಗೆ ಜಗತ್ತಿನಾದ್ಯಂತ ಕಾಫಿಯ ಬೆಲೆ ಪಾತಾಳ ಕಂಡಿತು. ಅರೇಬಿಕಾ ಗಿಡಗಳನ್ನು ಬಿಳಿ ಕಾಂಡಕೊರಕ ಒಳಗಿನಿಂದ ತಿಂದುಹಾಕಿತು. ಸಾಲ ಬೆಳೆಯಿತು. ಆಗ ಎಷ್ಟೋ ಹಳೆಯ ಮನೆಗಳು ತಮ್ಮ ಖಾಲಿ ಕೋಣೆಗಳಿಗೆ ಸುಣ್ಣ ಹೊಡೆದು ಅತಿಥಿಗಳನ್ನು ಕರೆದುವು. ಅದು ಮಾನದ ಬದುಕು. ಜಗಲಿಯ ಮೇಲೆ ಯಜಮಾನನೇ ಕೂತು ಮಾತಾಡುತ್ತಿದ್ದ. ಒಳಗಿನಿಂದ ಅಕ್ಕಿರೊಟ್ಟಿ, ಕಡುಬು, ಮಳೆಗಾಲವಾದರೆ ಕಳಲೆಯ ಪಲ್ಯ ಬರುತ್ತಿದ್ದುವು. ಹಂಡೆಯ ನೀರಿನ ಹೊಗೆವಾಸನೆ ಮೈಗೆ ಹತ್ತುತ್ತಿತ್ತು. ಇಂಬಳ ಹತ್ತಿದರೆ ಮನೆಯ ಅಜ್ಜಿ ಸುಣ್ಣ ಹಚ್ಚಿ ಬಿಡಿಸಿ, ಅಳುವ ಮಗುವನ್ನು ನಗಿಸುತ್ತಿದ್ದಳು. ಭಾರತ ಸರ್ಕಾರದ ಮನೆವಾಸ್ತವ್ಯ ಯೋಜನೆಯ ನಿಯಮವೂ ಯಜಮಾನನ ಸಂಸಾರ ಅದೇ ಮನೆಯಲ್ಲಿ ವಾಸವಿರಬೇಕು, ಕೋಣೆಗಳು ಆರನ್ನು ಮೀರಬಾರದು ಎನ್ನುತ್ತದೆ. ಹೋಮ್‌ಸ್ಟೇ ಎಂಬ ಹೆಸರಿನಲ್ಲಿ 'ಹೋಮ್' ಮೊದಲು ಬರುವುದು ಅದಕ್ಕೇ. ಈಗಲೋ, ಯಜಮಾನ ಬೆಂಗಳೂರಿನಲ್ಲಿ, ಮ್ಯಾನೇಜರು ಕೌಂಟರಿನಲ್ಲಿ, ಅಜ್ಜಿ ಗೋಡೆಯ ಮೇಲಿನ ಫೋಟೋದಲ್ಲಿ.

ಅದೂ ಅಲ್ಲದೆ ಬೆಲೆ ಕುಸಿದುದರ ನೆಪ ಎಷ್ಟು ಕಾಲ ಬಾಳೀತು? 2024ರಲ್ಲಿಯೂ 2025ರ ಆರಂಭದಲ್ಲಿಯೂ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಆ ಲಾಭದಲ್ಲಿ ಎಷ್ಟು ಲೈನುಗಳ ಹಂಚು ಬದಲಾಯಿತೆಂಬುದನ್ನು ಬೆಳೆಗಾರರ ಸಂಘಗಳೇ ಲೆಕ್ಕ ಹಾಕಿ ಹೇಳಲಿ.

ನೀರಿನ ಮಾತಿಗೆ ಮತ್ತೆ ಬರಬೇಕಾಗಿದೆ. ನಗರದವರು ಮಲೆನಾಡೆಂದರೆ ಹನ್ನೆರಡು ತಿಂಗಳೂ ನೀರೆಂದು ಭಾವಿಸಿದ್ದಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿನವರು ಆಕಾಶ ನೋಡುವ ಪರಿಯನ್ನು ಒಮ್ಮೆ ಕಾಣಬೇಕು. ಆಗ ಬೀಳುವ ಒಂದು ಹದ ಹೂಮಳೆಯ ಮೇಲೆ ಇಡೀ ವರ್ಷದ ಬೆಳೆ ನಿಂತಿದೆ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳುಪಾಗಿ ಮಲ್ಲಿಗೆಯಂಥ ವಾಸನೆ ಹರಡುತ್ತದೆ. ಮಳೆ ಕೈಕೊಟ್ಟರೆ ಅನುಕೂಲವಿದ್ದವರು ಹಳ್ಳಕ್ಕೆ ಪಂಪಿಟ್ಟು ಸ್ಪ್ರಿಂಕ್ಲರಿನಿಂದ ಹೂ ಬಿಡಿಸುತ್ತಾರೆ. ಇಲ್ಲದವನು ಕೈಕಟ್ಟಿ ಕೂರುತ್ತಾನೆ. ಹಳ್ಳ ಬತ್ತುವ ಆ ದಿನಗಳೇ ಶಾಲೆಗೆ ರಜ ಬರುವ ದಿನಗಳು, ರೈನ್ ಡ್ಯಾನ್ಸಿಗೆ ಗಿರಾಕಿ ಹೆಚ್ಚುವ ದಿನಗಳು. ಕೆಳಗಿನ ಹಳ್ಳಿಯ ಗದ್ದೆಗೂ ಬಾವಿಗೂ ಸಲ್ಲಬೇಕಾದ ನೀರು ಮೇಲೆ ಸಿನಿಮಾ ಹಾಡಿಗೆ ಕುಣಿದು ಮುಗಿದಿರುತ್ತದೆ.

ರಾತ್ರಿಯ ಸಂಗತಿಯೂ ಇದೆ. ವಸ್ತಾರೆ, ಆಲ್ದೂರು, ಮೂಡಿಗೆರೆಗಳ ತೋಟಗಳಲ್ಲಿ ಕಾಡಾನೆ ಓಡಾಡುತ್ತಿದೆ, ಮನುಷ್ಯರು ಸತ್ತಿದ್ದಾರೆ. ಅದು ಯಾವ ತೋಟದಲ್ಲಿದೆಯೆಂದು ಕೇಳಿಕೊಂಡೇ ಕೂಲಿಯವರು ಬೆಳಿಗ್ಗೆ ಹೊರಡಬೇಕು. ನಡುರಾತ್ರಿಯವರೆಗೆ ಕ್ಯಾಂಪ್ ಫೈರು, ಅಬ್ಬರದ ಸಂಗೀತ ನಡೆಸಿದರೆ ಆನೆ ಬಂದ ದಾರಿಯಲ್ಲಿ ಸುಮ್ಮನೆ ಹಿಂದಿರುಗುವುದೆಂಬ ಭರವಸೆ ಯಾರಿಗೂ ಇಲ್ಲ. ಅದು ಅತಿಥಿಯ ಕ್ಯಾಬಿನ್ನಿನತ್ತ ತಿರುಗುವುದು ಅಪರೂಪ, ಅಲ್ಲಿ ವಿದ್ಯುತ್ ಬೇಲಿಯಿದೆ. ಲೈನಿಗೆ ಬೇಲಿ ಎಲ್ಲಿಯದು?

ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಮುಂಗಡ ನೋಂದಣಿಯ ಕಟ್ಟಳೆಯನ್ನು ಜಿಲ್ಲಾಡಳಿತ 2025ರಲ್ಲಿ ತಂದಿತು. ಒಳ್ಳೆಯದೇ. ಕಾರುಗಳನ್ನು ಎಣಿಸಲು ಕಲಿತ ಆಡಳಿತಕ್ಕೆ ಲೈನುಗಳನ್ನು ಎಣಿಸುವುದು ಕಷ್ಟವಾಗಲಾರದು. ರೆಸಾರ್ಟಿಗೆ ಪರವಾನಗಿ ಕೊಡುವ, ನವೀಕರಿಸುವ ಅಧಿಕಾರಿಗಳು ಕ್ಯಾಬಿನ್ನಿನ ನಕ್ಷೆಯ ಜೊತೆಗೆ ಅದೇ ತೋಟದ ಲೈನಿನ ಸ್ಥಿತಿಯನ್ನೂ, ಈಜುಕೊಳದ ನೀರು ಯಾವ ಹಳ್ಳದ್ದೆಂಬುದನ್ನೂ ಬರೆಸಿಕೊಳ್ಳಲಿ. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರು ಸಹಿ ಹಾಕದೆ ಕಾಗದ ಮುಂದೆ ಹೋಗದಿರಲಿ. ಕ್ಯಾಬಿನ್ನಿಗೆ ಮುಂಗಡ ಕಟ್ಟುವ ನಮ್ಮ ನಗರದ ತಂದೆತಾಯಿಗಳು ಐದು ವರ್ಷದೊಳಗಿನ ಮಗುವಿಗೆ ಬಾಡಿಗೆ ಉಂಟೋ ಇಲ್ಲವೋ ಎಂದು ಫೋನಿನಲ್ಲಿ ಹೇಗೂ ವಿಚಾರಿಸುತ್ತಾರೆ. ಅದೇ ಉಸಿರಿನಲ್ಲಿ, ನಿಮ್ಮ ತೋಟದ ಆಳುಗಳ ಮಕ್ಕಳು ಎಲ್ಲಿ ಮಲಗುತ್ತಾರೆಂದು ಕೇಳಲಿ. ಮರುದಿನ ತೋಟ ಸುತ್ತುವಾಗ ಬಿದಿರಿನ ಆಚೆಗೂ ಜೀಪನ್ನು ಹೋಗಗೊಡಲಿ.